ಮೂರು ಡೋಸ್ ಆದರೂ ರಕ್ಷಣೆ ಮೂಡದಿದ್ದರೆ: ಹೆಪಟೈಟಿಸ್ ಬಿ ಲಸಿಕೆಯ ನಂತರದ ಹೆಜ್ಜೆಗಳು

ತುಮಕೂರಿನ ನರ್ಸಿಂಗ್ ಕಾಲೇಜುಗಳಿಂದ ವಾರ್ಡಿಗೆ ಇಳಿಯುವ ವಿದ್ಯಾರ್ಥಿಗಳೂ, ಶಿರಾ, ಪಾವಗಡಗಳ ಲ್ಯಾಬುಗಳಲ್ಲಿ ದಿನವಿಡೀ ರಕ್ತ ತೆಗೆಯುವ ಟೆಕ್ನಿಷಿಯನ್‌ಗಳೂ ರಕ್ತದ ಮೂಲಕ ಹರಡಿ ಯಕೃತ್ತಿಗೆ ತಗಲುವ ಹೆಪಟೈಟಿಸ್ ಬಿ ಸೋಂಕಿನ ಲಸಿಕೆಯ ಮೂರು ಡೋಸ್ ಮುಗಿದರೆ ನಿಶ್ಚಿಂತರಾಗುತ್ತಾರೆ. ಆದರೆ ಆರೋಗ್ಯವಂತ ವಯಸ್ಕರಲ್ಲೂ ನೂರಕ್ಕೆ ಸುಮಾರು 5ರಿಂದ 10 ಮಂದಿಗೆ ಲಸಿಕೆ ಫಲಿಸುವುದಿಲ್ಲ.

ಮೊದಲು ಲಸಿಕೆಯ ಕಾರ್ಡ್ ನೋಡಿ. ಮೊದಲ ಡೋಸಿನ ಬಳಿಕ ಒಂದನೇ ಹಾಗೂ ಆರನೇ ತಿಂಗಳಿನ ಡೋಸ್‌ಗಳು ಆಗಿರಬೇಕು. ತಪ್ಪಿದ್ದರೆ ಉಳಿದದ್ದನ್ನು ಪೂರೈಸಿದರೆ ಸಾಕು, ಮೊದಲಿನಿಂದ ಆರಂಭಿಸಬೇಕಿಲ್ಲ.

ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಆಂಟಿ-ಎಚ್‌ಬಿಎಸ್ ಟೈಟರ್ ಪರೀಕ್ಷೆ, ಅಂದರೆ ರಕ್ತದಲ್ಲಿ ಈ ವೈರಸ್ಸಿನ ವಿರುದ್ಧದ ಪ್ರತಿಕಾಯ (ರಕ್ಷಣೆ ಕೊಡುವ ಪ್ರೋಟೀನ್) ಎಷ್ಟಿದೆ ಎಂದು ಅಳೆಯುವ ಪರೀಕ್ಷೆ, ಮಾಡಿಸಿ. ಬರೀ ಎಚ್‌ಬಿಎಸ್‌ಎಜಿ (ವೈರಸ್ಸಿನ ಹೊರಮೈ ಪ್ರೋಟೀನ್) ಎಂದು ಬರೆಸಿದರೆ ಸೋಂಕು ಇದೆಯೇ ಎಂದಷ್ಟೇ ತಿಳಿಯುತ್ತದೆ, ರಕ್ಷಣೆ ಇದೆಯೇ ಎಂದಲ್ಲ. ಮಿಲಿಲೀಟರಿಗೆ 10 ಮಿಲಿ ಇಂಟರ್‌ನ್ಯಾಷನಲ್ ಯೂನಿಟ್ ಅಥವಾ ಹೆಚ್ಚಿದ್ದರೆ ರಕ್ಷಣೆ ಮೂಡಿದೆ. ವರ್ಷಗಳು ಕಳೆದಂತೆ ಈ ಅಂಕಿ ಇಳಿಯುವುದು ಸಹಜ. ಆರೋಗ್ಯವಂತರಲ್ಲಿ ರೋಗನಿರೋಧಕ ಸ್ಮೃತಿ ಉಳಿದಿರುವುದರಿಂದ ಅದನ್ನು ವೈಫಲ್ಯವೆನ್ನಲಾಗದು.

ಅಂಕಿ 10ಕ್ಕಿಂತ ಕಡಿಮೆ ಬಂದರೆ ಕಾರಣ ಹುಡುಕಬೇಕು. ನಲವತ್ತು ದಾಟಿದ ವಯಸ್ಸು, ಬೊಜ್ಜು, ಧೂಮಪಾನ, ಸಕ್ಕರೆ ಕಾಯಿಲೆ, ಡಯಾಲಿಸಿಸ್, ಎಚ್‌ಐವಿ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಗಳು ಇವೆಲ್ಲ ಪ್ರತಿಕ್ರಿಯೆಯನ್ನು ಕುಗ್ಗಿಸುತ್ತವೆ. ಇವುಗಳಲ್ಲಿ ಒಂದೂ ಇಲ್ಲದವರಲ್ಲೂ, ಲಸಿಕೆಯ ಪ್ರೋಟೀನಿನ ತುಣುಕನ್ನು ರಕ್ಷಣಾ ಕೋಶಗಳಿಗೆ ತೋರಿಸಿಕೊಡುವ ಎಚ್‌ಎಲ್‌ಎ ಅಣುಗಳು ಹುಟ್ಟಿನಿಂದಲೇ ಬೇರೆ ಬಗೆಯವಾಗಿದ್ದರೆ, ಪ್ರತಿಕಾಯ ಹುಟ್ಟದಿರಬಹುದು. ಇದು ಖಂಡಿತ ಆ ವ್ಯಕ್ತಿಯ ತಪ್ಪಲ್ಲ. ಚುಚ್ಚುವ ಜಾಗವೂ ಮುಖ್ಯ: ವಯಸ್ಕರಿಗೆ ತೋಳಿನ ಮೇಲ್ಭಾಗದ ಸ್ನಾಯುವಿಗೇ ಕೊಡಬೇಕು, ಪೃಷ್ಠದಲ್ಲಿ ಕೊಟ್ಟರೆ ಕೊಬ್ಬಿನಲ್ಲೇ ಉಳಿದು ಫಲ ಕುಂದುತ್ತದೆ. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಬಿಸಿಲಿನ ಪಾವಗಡದಲ್ಲಿ ಎಲ್ಲರೂ ಸೆಖೆಗೆ ಹೆದರುತ್ತಾರೆ. ಆದರೆ ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿದ ಲಸಿಕೆ ಅದಕ್ಕಿಂತ ಬೇಗ ಕೆಡುತ್ತದೆ, ಏಕೆಂದರೆ ಅದರಲ್ಲಿರುವ ಅಲ್ಯುಮಿನಿಯಂ ಲವಣ ಗಂಟುಕಟ್ಟುತ್ತದೆ.

ನಂತರ ವೈದ್ಯರ ಸಲಹೆಯಂತೆ ಇನ್ನೊಂದು ಸುತ್ತು ಮೂರು ಡೋಸ್ ಹಾಕಿಸಿ, ಒಂದೆರಡು ತಿಂಗಳಿಗೆ ಮತ್ತೆ ಟೈಟರ್ ನೋಡಬೇಕು. ಅನೇಕರಿಗೆ ಈ ಸುತ್ತಿನಲ್ಲಿ ಫಲಿಸುತ್ತದೆ. ಡಯಾಲಿಸಿಸ್ ರೋಗಿಗಳಿಗೆ ಡೋಸಿನ ಪ್ರಮಾಣವೇ ಹೆಚ್ಚು.

ಆರು ಡೋಸ್ ಆದ ಮೇಲೂ ಅಂಕಿ ಏರದಿದ್ದರೆ ಎಚ್‌ಬಿಎಸ್‌ಎಜಿ ಮತ್ತು ಕೋರ್ ಪ್ರತಿಕಾಯದ (ಲಸಿಕೆಯಿಂದಲ್ಲ, ಸೋಂಕು ತಗುಲಿದಾಗ ಮೂಡುವ ಪ್ರತಿಕಾಯ) ಪರೀಕ್ಷೆ ಮಾಡಿಸಲೇಬೇಕು, ಏಕೆಂದರೆ ಮೊದಲೇ ತಗುಲಿದ ಸೋಂಕು ಅಡಗಿರಬಹುದು. ಎರಡೂ ನೆಗೆಟಿವ್ ಆದವರು ಕೆಲಸದ ವೇಳೆ ಬಳಸಿದ ಸೂಜಿ ಆಕಸ್ಮಿಕವಾಗಿ ಚುಚ್ಚಿಕೊಂಡಾಗ ಗಾಯವನ್ನು ಸೋಪು ನೀರಿನಿಂದ ತೊಳೆದು ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಆ ಸೂಜಿಯಲ್ಲಿದ್ದ ರೋಗಿಯ ರಕ್ತದಲ್ಲಿ ಸೋಂಕಿದ್ದರೆ, ಸಾಧ್ಯವಾದಷ್ಟೂ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಇಮ್ಯುನೋಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯ) ಇಂಜೆಕ್ಷನ್, ತಿಂಗಳ ನಂತರ ಇನ್ನೊಂದು ಪಡೆಯಬೇಕು.