ಬಸಿದ ನೀರು ಸಾರಿಗೋ, ಮೋರಿಗೋ?

ನಾಲ್ಕು ಮಳೆ ಬಿದ್ದರೆ ಸಾಕು, ನಮ್ಮ ಕಾಂಪೌಂಡ್ ಒಳಗೆ ನಾನು ಬಿತ್ತದ ಸೊಪ್ಪೆಲ್ಲ ಎದ್ದು ನಿಲ್ಲುತ್ತದೆ. ಸಂಪ್ ಪಕ್ಕ ಗೋಣಿಸೊಪ್ಪು, ತೆಂಗಿನ ಬುಡದಲ್ಲಿ ಕೀರೆ, ನಲ್ಲಿ ಸೋರುವ ಕಡೆ ಹೊನಗೊನ್ನೆ. 30-40 ಸೈಟಿನಲ್ಲಿ ಮನೆ ಕಟ್ಟಿದ ಮೇಲೆ ಉಳಿದಿರುವ ಮಣ್ಣೇ ಅಷ್ಟು. ಸೊಸೆ ಅದನ್ನು ಕಳೆ ಅನ್ನುತ್ತಾಳೆ. ಮಾಗಡಿ ಕಡೆ ಹುಟ್ಟಿದ ನನಗೆ ಅದು ಬೆರಕೆ ಸೊಪ್ಪು. ರಾಗಿ ಹೊಲದಲ್ಲಿ ಕಳೆ ಕೀಳುತ್ತಲೇ ಅಮ್ಮ ಅಣ್ಣೆಸೊಪ್ಪನ್ನು ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ರಾತ್ರಿ ಮುದ್ದೆಗೆ ಅದೇ ಮಸ್ಸೊಪ್ಪು.

ಆದರೆ ಹೊಲದ ಲೆಕ್ಕ ಬೆಂಗಳೂರಿಗೆ ನಡೆಯಲ್ಲ. ಇದನ್ನು ನಾನು ಕಲಿತದ್ದು ಪಕ್ಕದ ಖಾಲಿ ಸೈಟಿನಲ್ಲಿ. ಒಂದು ಆಷಾಢದಲ್ಲಿ ಅಲ್ಲಿ ಕೀರೆ ಸೊಪ್ಪು ಮೊಣಕಾಲೆತ್ತರ ಬೆಳೆದಿತ್ತು. ಆಸೆ ತಡೆಯದೆ ಒಂದು ಮೊರದಷ್ಟು ಕಿತ್ತು ತಂದು ಬೇಯಿಸಿ, ಮಸೆದು, ಒಗ್ಗರಣೆಯನ್ನೂ ಹಾಕಿದೆ. ಅಷ್ಟರಲ್ಲಿ ಎದುರುಮನೆಯವರು ಬಂದು, "ಮೊನ್ನೆ ತಾನೇ ಅಲ್ಲಿ ಕಳೆನಾಶಕ ಹೊಡೆಸಿದ್ರಲ್ಲ" ಅಂದರು. ಔಷಧಿ ಹೊಡೆದ ಮಾತ್ರಕ್ಕೆ ಗಿಡ ಅವತ್ತೇ ಬಾಡುವುದಿಲ್ಲ, ಕೆಲವು ದಿನ ಹಸಿರಾಗಿಯೇ ಇರುತ್ತದೆ. ಪಾತ್ರೆ ಸಮೇತ ಹೊರಗೆ ಹೋಯಿತು ನನ್ನ ಮಸ್ಸೊಪ್ಪು. ಅವತ್ತಿನಿಂದ ನನ್ನ ಗೇಟಿನ ಒಳಗಿನದ್ದು ಮಾತ್ರ. ಅದರಲ್ಲೂ ಬಟ್ಟೆ ಒಗೆದ ನೀರು ಹೋಗುವ ಕಡೆ, ಸ್ಕೂಟರ್ ಎಣ್ಣೆ ಸೋರುವ ಕಡೆ, ಹಳೇ ಪೇಂಟ್ ಉದುರುವ ಗೋಡೆ ಬುಡ, ನಾಯಿ ಕಾಲೆತ್ತುವ ಮೂಲೆ, ಇವೆಲ್ಲ ಬೇಡ. ಪೇಂಟಿನ ಸೀಸ ಮಣ್ಣಿಗಿಳಿದರೆ ತೊಳೆದರೂ ಹೋಗಲ್ಲ, ಬೇಯಿಸಿದರೂ ಹೋಗಲ್ಲ.

ಇನ್ನು ಗುರುತು. ಗೋಣಿಸೊಪ್ಪಿನ ಜೊತೆಗೇ ನೆಲಕ್ಕೆ ಅಂಟಿಕೊಂಡು, ಹೆಚ್ಚುಕಡಿಮೆ ಅದರ ಹಾಗೇ ಹರಡುವ ಇನ್ನೊಂದು ಗಿಡ ಇರುತ್ತದೆ. ದಂಟು ಮುರಿದು ನೋಡಿ. ಗೋಣಿಸೊಪ್ಪಿನ ದಂಟು ಕೊಬ್ಬಿದ ಹಾಗಿದ್ದು ಪಟ್ಟನೆ ಮುರಿಯುತ್ತದೆ, ತಿಳಿನೀರು ಬರುತ್ತದೆ. ಇನ್ನೊಂದರದ್ದು ದಾರದಂಥ ದಂಟು, ಬಿಳಿ ಹಾಲು ಜಿನುಗುತ್ತದೆ. ಹಾಲು ಬಂತಾ, ಎಸೆಯಿರಿ, ಕೈ ತೊಳೆಯಿರಿ, ಕಣ್ಣು ಮುಟ್ಟಬೇಡಿ.

ಹೊನಗೊನ್ನೆಗೂ ಒಬ್ಬ ಅಣ್ಣ ಇದ್ದಾನೆ. ನಮ್ಮೂರಿನ ಕೆರೆಗಳ ಮೇಲೆ ಚಾಪೆ ಹಾಸಿದ ಹಾಗೆ ಬೆಳೆಯುವ ಸೀಮೆ ಹೊನಗೊನ್ನೆ. ಅದರ ದಂಟು ಒಳಗೆ ಟೊಳ್ಳು, ಬಿಳಿ ಹೂವು ಉದ್ದ ತೊಟ್ಟಿನ ತುದಿಯಲ್ಲಿ. ನಾಟಿ ಹೊನಗೊನ್ನೆಯ ಹೂವಿಗೆ ತೊಟ್ಟೇ ಇಲ್ಲ, ಎಲೆಯ ಸಂದಿಯಲ್ಲೇ ಅಂಟಿ ಕೂತಿರುತ್ತದೆ. ಚರಂಡಿ ನೀರು ಸೇರುವ ಕೆರೆಯಲ್ಲಿ ಬೆಳೆದದ್ದು ಅಲ್ಲಿನ ಲೋಹವನ್ನೂ ಹೀರಿಕೊಂಡಿರುತ್ತದೆ. ಕೆರೆಯಂಚಿನ ಸೊಪ್ಪು ಎಷ್ಟೇ ಸೊಂಪಾಗಿದ್ದರೂ ನನಗೆ ಬೇಡ.

ಗಣಿಕೆ ಸೊಪ್ಪನ್ನು ಎಳೆಯದರಲ್ಲಿ ಕೀಳಬೇಡಿ. ಸಣ್ಣದಿದ್ದಾಗ ಉಮ್ಮತ್ತಿ ಗಿಡವೂ ಹಾಗೇ ಕಾಣುತ್ತದೆ, ಅದು ಶುದ್ಧ ವಿಷ. ಪುಟ್ಟ ಬಿಳಿ ಹೂವಿನ ಗೊಂಚಲು, ಮೆಣಸಿನಷ್ಟು ಕಾಯಿ ಕಂಡ ಮೇಲೆ ಎಲೆ ಮಾತ್ರ ಬಿಡಿಸಿ. ಹಸಿರು ಕಾಯಿ ಒಂದೂ ಪಾತ್ರೆಗೆ ಬೀಳಬಾರದು. ಫೋನಲ್ಲಿ ಫೋಟೋ ತೆಗೆದರೆ ಹೆಸರು ಹೇಳುತ್ತದಂತೆ. ಹೇಳಲಿ, ಆದರೆ ಅದರ ಮಾತು ನಂಬಿ ಒಲೆ ಹಚ್ಚಬೇಡಿ. ಚೂರು ತಿಂದು ನೋಡೋಣ ಅನ್ನುವುದಂತೂ ಬೇಡವೇ ಬೇಡ.

ತೊಳೆಯುವುದಕ್ಕೆ ದೊಡ್ಡ ಬೇಸನ್ ತೆಗೆದುಕೊಳ್ಳಿ. ಸೊಪ್ಪನ್ನು ಮುಳುಗಿಸಿ, ಅಲ್ಲಾಡಿಸಿ, ಮೇಲಿನಿಂದ ಎತ್ತಿ. ಬೇಸನ್ ಬಗ್ಗಿಸಿದರೆ ಮಣ್ಣೆಲ್ಲ ವಾಪಸ್ ಸೊಪ್ಪಿಗೇ. ತಳದಲ್ಲಿ ಮರಳು ಕಾಣದಾಗುವ ತನಕ ನೀರು ಬದಲಾಯಿಸಿ. ಇಲಿ ಓಡಾಡುವ ಹಿತ್ತಲು ಅಲ್ವಾ, ಇವನ್ನು ಹಸಿಯಾಗಿ ಕೋಸಂಬರಿಗೆ ನಾನು ಹಾಕುವುದಿಲ್ಲ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಬಸ್ಸಾರು ಅಂದರೇನು? ಬೇಳೆ, ಸೊಪ್ಪು ಒಟ್ಟಿಗೆ ಬೇಯಿಸಿ, ಬಸಿದ ನೀರಿಗೆ ಖಾರ ರುಬ್ಬಿ ಹಾಕಿ ಸಾರು, ಉಳಿದದ್ದು ಪಲ್ಯ. ಕೀರೆ, ಗೋಣಿಸೊಪ್ಪಿನಲ್ಲಿ ಆಕ್ಸಲೇಟ್ ಅನ್ನುವ, ಕಿಡ್ನಿಯಲ್ಲಿ ಕಲ್ಲು ಕಟ್ಟಿಸಬಲ್ಲ ಅಂಶ ಜಾಸ್ತಿ. ಅದರಲ್ಲಿ ಒಂದು ಪಾಲು ಬೇಯಿಸಿದ ನೀರಿಗೆ ಬಿಡುತ್ತದೆ. ಕಿಡ್ನಿ ಕಲ್ಲಿನವರಿಗೆ ಆ ನೀರನ್ನೇ ಸಾರು ಮಾಡಿ ಬಡಿಸಿದರೆ ಹೇಗೆ ಹೇಳಿ? ನಮ್ಮ ಯಜಮಾನರಿಗೆ ಕಲ್ಲು ಬಂದಾಗ ಡಾಕ್ಟರು ಸೊಪ್ಪೇ ಕಡಿಮೆ ಮಾಡಿ ಅಂದರು. ನಾನೂ ಕಡಿಮೆ ಮಾಡಿದೆ, ಮಾಡುವ ದಿನ ಕ್ರಮವನ್ನೂ ಬದಲಾಯಿಸಿದೆ. ತೊಗರಿಬೇಳೆ ಬೇರೆ ಬೇಯುತ್ತದೆ. ಸೊಪ್ಪನ್ನು ತೆರೆದ ಪಾತ್ರೆಯಲ್ಲಿ, ಕುದಿಯುವ ನೀರು ಧಾರಾಳವಾಗಿಟ್ಟು ಬೇಯಿಸಿ, ಆ ನೀರನ್ನು ಮೋರಿಗೆ ಚೆಲ್ಲುತ್ತೇನೆ. ಸಾರಿಗೆ ಬೇಳೆ ಕಟ್ಟು ಇದೆಯಲ್ಲ! ತೆಂಗಿನಕಾಯಿ, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಒಣಮೆಣಸಿನಕಾಯಿ, ಹುಣಸೆಹಣ್ಣು, ಜೊತೆಗೆ ಒಂದು ಹಿಡಿ ಬೆಂದ ಬೇಳೆ ಸೇರಿಸಿ ನುಣ್ಣಗೆ ರುಬ್ಬಿ ಕಟ್ಟಿಗೆ ಹಾಕಿ ಕುದಿಸಿ. ಗಣಿಕೆಗಂತೂ ಯಾರ ಮನೆಯಲ್ಲೇ ಆಗಲಿ ಇದೇ ಕ್ರಮ, ಮೊದಲ ನೀರು ಚೆಲ್ಲಲೇಬೇಕು. ರಕ್ತ ತೆಳುವಾಗುವ ಮಾತ್ರೆ ನುಂಗುವವರು ಸೊಪ್ಪನ್ನು ದಿಢೀರನೆ ಜಾಸ್ತಿ ಮಾಡಬೇಡಿ, ಡಾಕ್ಟರನ್ನು ಕೇಳಿ.

ಮೊದಲ ದಿನ ಯಜಮಾನರು ತಟ್ಟೆ ನೋಡಿ, "ಇದೇನೇ, ಸಾರಿನಲ್ಲಿ ಸೊಪ್ಪಿನ ಬಣ್ಣವೇ ಇಲ್ಲ" ಅಂದರು. ಎರಡನೇ ಮುದ್ದೆ ಕೇಳುವಾಗ ಬಣ್ಣದ ಸುದ್ದಿ ಎತ್ತಲಿಲ್ಲ.