ಬಸ್ ಬೇಡದ ಸೇವೆ

ನಾನು ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಮಿಡಲ್ ಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಇಲ್ಲಿ ಹೈಸ್ಕೂಲ್ ಪಾಸಾಗಬೇಕಾದರೆ ಪರೀಕ್ಷೆ ಬರೆದರೆ ಸಾಲದು, 75 ಗಂಟೆ ಸಮಾಜ ಸೇವೆಯನ್ನೂ ಮಾಡಿರಬೇಕು. 1992ರಲ್ಲಿ ಬಂದ ನಿಯಮ. ಮಿಡಲ್ ಸ್ಕೂಲಿನಲ್ಲಿ ಮಾಡಿದ ಕೆಲಸವೂ ಲೆಕ್ಕಕ್ಕೆ ಬರುತ್ತದೆ.

ನಮ್ಮ ಶಾಲೆಯಲ್ಲಿ ಈ ಜವಾಬ್ದಾರಿ ನನ್ನ ತಲೆಗೆ ಬಂದಾಗ ನಾನು ಹೊಸಬಳು. ನದಿ ದಡಕ್ಕೆ ಬಸ್, ಗ್ಲೌಸು, ಟೀ ಶರ್ಟು, ಮಧ್ಯಾಹ್ನ ಪಿಜ್ಜಾ, ಎಲ್ಲ ಭರ್ಜರಿಯಾಗಿಯೇ ಇತ್ತು. ಮಕ್ಕಳು ಕಸ ಆಯ್ದು ಫಾರಂಗೆ ಸಹಿ ಹಾಕಿಸಿಕೊಂಡು ಹೋಗುತ್ತಿದ್ದರು. ಏನು ಕಲಿತರು ಅಂತ ನಾನೂ ಕೇಳಲಿಲ್ಲ, ಯಾರೂ ಕೇಳಲಿಲ್ಲ. ನಮ್ಮೂರ ಶಾಲೆಯಲ್ಲಿ ಶನಿವಾರ ಶ್ರಮದಾನ ಅಂತ ಮೈದಾನದ ಕಲ್ಲು ಆಯುತ್ತಿದ್ದೆವಲ್ಲ, ಅದೇ ಕತೆ. ಪಿಜ್ಜಾ ಒಂದು ಜಾಸ್ತಿ, ಅಷ್ಟೇ.

ಶಾಲೆಗಳ ಇಂಥ ಸೇವಾ ಕೆಲಸಕ್ಕೆ ನೆರವು ಕೊಡುತ್ತಿದ್ದ 'ಲರ್ನ್ ಅಂಡ್ ಸರ್ವ್ ಅಮೆರಿಕ' ಯೋಜನೆಯ ದುಡ್ಡನ್ನು 2011ರಲ್ಲಿ ಇಲ್ಲಿನ ಕೇಂದ್ರ ಸರ್ಕಾರ ನಿಲ್ಲಿಸಿತು. ನಮ್ಮಲ್ಲಿ ಮೊದಲು ಹೋಗಿದ್ದು ಬಸ್ಸು. ಬಸ್ಸಿನ ಹಿಂದೆಯೇ ಬೇರೆ ಟೀಚರುಗಳ ಉತ್ಸಾಹವೂ ಹೋಯಿತು. ಅದೇ ವರ್ಷ ಪರಿಸರದ ಕಲಿಕೆಯನ್ನೂ ರಾಜ್ಯ ಕಡ್ಡಾಯ ಮಾಡಿತು. ಸೇವೆಯನ್ನು ನನ್ನ ಪಾಠದೊಳಕ್ಕೇ ತರೋಣ ಅಂತ ಆಗ ಅನ್ನಿಸಿತು.

ಶಾಲೆಯ ಹಿಂದೆ ನಡೆದರೆ ನಾಲ್ಕು ನಿಮಿಷಕ್ಕೆ ಒಂದು ಹಳ್ಳ. ಬಸ್ ಬೇಡ, ಬದಲಿ ಟೀಚರ್ ಬೇಡ, ಒಂದು ಪೀರಿಯಡ್ ಸಾಕು. ಚಳಿಗಾಲದಲ್ಲಿ ಇಲ್ಲಿ ಹಿಮ ಕರಗಲಿ ಅಂತ ರಸ್ತೆಗೆಲ್ಲ ಉಪ್ಪು ಸುರಿಯುತ್ತಾರೆ. ಅದು ಮೋರಿ ಸೇರಿ, ಹಳ್ಳ ಸೇರಿ, ಕೊನೆಗೆ ಚೆಸಪೀಕ್ ಕೊಲ್ಲಿಯ ಕಡೆ ಹರಿಯುತ್ತದೆ. ಮಕ್ಕಳು ಹಿಮ ಬೀಳುವ ಮೊದಲೊಮ್ಮೆ, ಕರಗಿದ ಮೇಲೊಮ್ಮೆ ಹಳ್ಳದ ನೀರಿಗೆ ಕ್ಲೋರೈಡ್ ಪಟ್ಟಿ ಅದ್ದಿ ನೋಡುತ್ತಾರೆ. ನೀರಲ್ಲಿ ಉಪ್ಪು ಹೆಚ್ಚಿದ್ದಷ್ಟೂ ಪಟ್ಟಿಯ ಬಿಳಿ ಗೆರೆ ಮೇಲೇರುತ್ತದೆ. ಆ ಪಟ್ಟಿಗಳನ್ನು ಐಸಾಕ್ ವಾಲ್ಟನ್ ಲೀಗ್ ಅನ್ನೋ ಸಂಸ್ಥೆ ಪುಕ್ಕಟೆ ಕಳಿಸುತ್ತದೆ.

ಒಂದು ವರ್ಷ ಪಟ್ಟಿಯ ಬಿಳಿ ಗೆರೆ ಮೇಲೇರಿದ್ದು ನೋಡಿ ಒಬ್ಬ ಹುಡುಗ ಸೀದಾ ನಮ್ಮ ಕಟ್ಟಡ ನೋಡಿಕೊಳ್ಳುವವರ ಹತ್ತಿರ ಹೋದ. "ಇಷ್ಟೊಂದು ಉಪ್ಪು ಯಾಕೆ ಹಾಕ್ತೀರಿ?" ಅವರಿಗೆ ರೇಗಿತು. "ನೀನು ಜಾರಿ ಬಿದ್ದರೆ ಬೈಸಿಕೊಳ್ಳೋನು ನಾನು" ಅಂದರು. ಅವರ ಮಾತೂ ನಿಜ ಅಲ್ವಾ? ಮಾರನೇ ವಾರ ಅವರನ್ನೇ ಕ್ಲಾಸಿಗೆ ಕರೆದೆ. ಫುಟ್‌ಪಾತಿನ ಹತ್ತು ಚಪ್ಪಡಿಗೆ ಒಂದು ಕಾಫಿ ಮಗ್ ಉಪ್ಪು ಸಾಕು ಅನ್ನೋ ಲೆಕ್ಕವನ್ನು ಮಕ್ಕಳು ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸಿದರು. ಅವರು ಎರಡು ಸಲ ಅಳೆದು ನೋಡಿದರು. ಆಮೇಲೆ ಉಪ್ಪಿನ ಡಬ್ಬದೊಳಗೆ ಒಂದು ಹಳೇ ಮಗ್ ಬಂದು ಕೂತಿತು. ಈಗಲೂ ಅಲ್ಲೇ ಇದೆ.

ಅಲ್ಲಿಂದಾಚೆ ಮೂವರು ಪ್ರಿನ್ಸಿಪಾಲರು ಬದಲಾದರು. ಪ್ರತಿ ಸಲ ಹೊಸಬರ ಮುಂದೆ ಕಾರ್ಯಕ್ರಮದ ಮಹಿಮೆ ಹೇಳುತ್ತಾ ಕೂರಲಿಲ್ಲ. ಜನವರಿಯ ಪಾಠದ ಪ್ಲಾನಿನಲ್ಲೇ ಹಳ್ಳ ಇತ್ತು. ಅದನ್ನು ಕಿತ್ತು ಹಾಕಬೇಕಾದರೆ ಪಾಠವನ್ನೇ ಕಿತ್ತು ಹಾಕಬೇಕು. ಗಂಟೆಗಳ ಫಾರಂ ತುಂಬುವ ರಗಳೆ ಮಾತ್ರ ಇನ್ನೂ ತಪ್ಪಿಲ್ಲ, ಬಿಡಿ.

ಒಂದು ತಪ್ಪು ತಡವಾಗಿ ಗೊತ್ತಾಯಿತು. ಎಲ್ಲವೂ ನನ್ನ ತಲೆಯಲ್ಲೇ ಇತ್ತು. ಪಟ್ಟಿ ಎಲ್ಲಿಟ್ಟಿದ್ದೇನೆ, ಯಾವ ಮಗುವಿಗೆ ಬೂಟು ಇಲ್ಲ, ಬೇಲಿಯ ಗೇಟಿನ ಬೀಗದ ಕೈ ಯಾರ ಹತ್ತಿರ ಇದೆ, ಯಾವುದನ್ನೂ ಬರೆದಿಟ್ಟಿರಲಿಲ್ಲ. ಈಗ ನಾಲ್ಕು ಪುಟದ ಒಂದು ಫೈಲ್ ಇದೆ. ಗಣಿತದ ಟೀಚರ್ ಒಬ್ಬರು ಜೊತೆಗಿದ್ದಾರೆ. ಗ್ರಾಫ್ ಬರೆಸೋದು ಅವರ ಪಾಲು.

ಕಳೆದ ಚಳಿಗಾಲದಲ್ಲಿ ಅಮ್ಮನ ಕಣ್ಣಿನ ಆಪರೇಷನ್ ಅಂತ ಶಿವಮೊಗ್ಗದಲ್ಲಿದ್ದೆ. ಒಂದು ರಾತ್ರಿ ಗಣಿತದ ಟೀಚರ್ ಫೋಟೋ ಕಳಿಸಿದರು. ಟೋಪಿ ಹಾಕಿಕೊಂಡ ಮಕ್ಕಳು, ಹಳ್ಳದ ಅಂಚು, ಕೈಯಲ್ಲಿ ಪಟ್ಟಿ. ಅಮ್ಮನಿಗೆ ತೋರಿಸಿದೆ. ಒಂದೇ ಕಣ್ಣಲ್ಲಿ ನೋಡಿ, "ಈ ಚಳೀಲಿ ಮಕ್ಕಳನ್ನ ಹಳ್ಳಕ್ಕೆ ಕಳಿಸಿದಾರಲ್ಲೇ!" ಅಂದರು.