ನನಗೆ ಕೇಳಿಸಿತು, ನಾನು ಕೇಳಿದೆ

ಸಿಂಧನೂರು ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಮೊದಲ ಕೆಲವು ವರ್ಷ, ಮಕ್ಕಳು ಅದಲುಬದಲು ಮಾಡುವ ಪದಗಳನ್ನು ಜೋಡಿ ಜೋಡಿಯಾಗಿ ಹಲಗೆಯ ಮೇಲೆ ಬರೆದು, ಎದುರಿಗೆ ಕನ್ನಡ ಅರ್ಥ ಕೊಟ್ಟು ಬಾಯಿಪಾಠ ಮಾಡಿಸುತ್ತಿದ್ದೆ. ಹಿಯರ್ ಎಂದರೆ ಕೇಳು. ಲಿಸನ್ ಎಂದರೆ ಕೇಳು. ಆಸ್ಕ್ ಎಂದರೂ ಕೇಳು! ಮೂರಕ್ಕೂ ಒಂದೇ ಅರ್ಥ ಬರೆದುಕೊಂಡ ಮಗು ಯಾವುದನ್ನು ಎಲ್ಲಿ ಬಳಸಬೇಕು? ‘ಐ ಆಮ್ ಹಿಯರಿಂಗ್ ಸಾಂಗ್ಸ್’ ಎಂದು ಬರೆದವರ ಅಂಕ ಕಳೆಯುವಾಗ ಸಂಕಟವಾಗುತ್ತಿತ್ತು. ಆ ತಪ್ಪಿನ ಬೇರು ನಾನು ಬರೆಸಿದ ಅರ್ಥದಲ್ಲೇ ಇತ್ತು.

ಒಂದು ಮಧ್ಯಾಹ್ನ ಒಂಬತ್ತನೆಯ ತರಗತಿಯಲ್ಲಿ ಪುಸ್ತಕ ಮುಚ್ಚಿಸಿದೆ. ಒಂದು ನಿಮಿಷ ಕಣ್ಣು ಮುಚ್ಚಿ ಸುಮ್ಮನೆ ಕುಳಿತುಕೊಳ್ಳಿ ಎಂದೆ. ಆಮೇಲೆ ಏನೇನು ಕೇಳಿಸಿತು ಎಂದು ವಿಚಾರಿಸಿದರೆ ಕೈಗಳು ಎದ್ದವು. ಅಕ್ಕಿ ಗಿರಣಿಯ ಸದ್ದು, ರಸ್ತೆಯಲ್ಲಿ ಹೋದ ಟ್ರ್ಯಾಕ್ಟರ್, ಬಿಸಿಯೂಟದ ಕೋಣೆಯಲ್ಲಿ ಪಾತ್ರೆ ತಿಕ್ಕುವ ಸದ್ದು, ಕಿಟಕಿಯ ಸಂದಿನಲ್ಲಿ ಗುಬ್ಬಿ. ‘ಈಗ ಮತ್ತೊಮ್ಮೆ ಕಣ್ಣು ಮುಚ್ಚಿ, ಗುಬ್ಬಿಯೊಂದರ ಕಡೆಗೇ ಕಿವಿ ಇಡಿ’ ಎಂದೆ. ಎರಡನೆಯ ನಿಮಿಷ ಮುಗಿದಾಗ ಮುಂದಿನ ಸಾಲಿನ ಹುಡುಗಿ ಎದ್ದು ನಿಂತಳು: ‘ಸರ್, ಗಿರಣಿ ನನಗೆ ತಾನಾಗಿಯೇ ಕೇಳಿಸುತ್ತಿತ್ತು. ಗುಬ್ಬಿಯದನ್ನು ನಾನು ಕೇಳಿದೆ.’

ಅವಳ ಎರಡು ವಾಕ್ಯಗಳನ್ನು ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು, ‘ನನಗೆ’ ಮತ್ತು ‘ನಾನು’ ಎಂಬ ಎರಡು ಪದಗಳಿಗೆ ಬಣ್ಣದ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ನನಗೆ ಕೇಳಿಸಿತು ಎನ್ನುವಲ್ಲಿ ಹಿಯರ್. ನಾನು ಕೇಳಿದೆ ಎನ್ನುವಲ್ಲಿ ಲಿಸನ್. ಸದ್ದು ತಾನಾಗಿ ಕಿವಿಗೆ ಬಿದ್ದರೆ ಮೊದಲನೆಯದು, ನಾವೇ ಕಿವಿಗೊಟ್ಟರೆ ಎರಡನೆಯದು. ಇಂಗ್ಲಿಷಿನವರು ಈ ವ್ಯತ್ಯಾಸಕ್ಕೆ ಎರಡು ಬೇರೆ ಪದಗಳನ್ನು ಇಟ್ಟುಕೊಂಡರು, ನಾವು ಅದನ್ನು ವಿಭಕ್ತಿಯಲ್ಲಿ ಮತ್ತು ‘ಇಸು’ ಪ್ರತ್ಯಯದಲ್ಲಿ ಇಟ್ಟುಕೊಂಡೆವು. ಮಕ್ಕಳ ಬಾಯಲ್ಲಿ ದಿನವೂ ಆಡುತ್ತಿದ್ದ ಅರ್ಥವನ್ನು ನಾನು ‘ಕೇಳು’ ಎಂಬ ಒಂದೇ ಪದದ ಕೆಳಗೆ ಮುಚ್ಚಿಟ್ಟಿದ್ದೆ.

ಅದೇ ದಾರಿಯಲ್ಲಿ ಕಣ್ಣಿನ ಪದಗಳೂ ಬಿಡಿಸಿಕೊಂಡವು. ನನಗೆ ಗುಡ್ಡ ಕಾಣುತ್ತದೆ, ಅದು ಸೀ. ನಾನು ಗುಡ್ಡದ ಕಡೆ ನೋಡುತ್ತೇನೆ, ಅದು ಲುಕ್, ಜೊತೆಗೆ ಆಟ್ ಬೇಕು. ಕಬಡ್ಡಿ ಪಂದ್ಯವನ್ನು ಕಣ್ಣು ಕೀಳದೆ ನೋಡುವುದು ವಾಚ್, ಏಕೆಂದರೆ ಅಲ್ಲಿ ಏನೋ ನಡೆಯುತ್ತಿದೆ, ಮುಂದೇನು ಎಂದು ನಾವು ಕಾಯುತ್ತಿದ್ದೇವೆ. ತಾನಾಗಿ ಆಗುವ ಹಿಯರ್ ಮತ್ತು ಸೀ ಪದಗಳಿಗೆ ಸಾಮಾನ್ಯವಾಗಿ ‘ಇಂಗ್’ ಹತ್ತುವುದಿಲ್ಲ ಎಂಬುದನ್ನೂ ಆಗ ಸುಲಭವಾಗಿ ಒಪ್ಪಿಸಿದೆ. ‘ಐ ಕ್ಯಾನ್ ಹಿಯರ್’ ಎನ್ನುತ್ತಾರೆ. ಸಿನಿಮಾ ನೋಡುವುದಕ್ಕೆ ಸೀ ಮತ್ತು ವಾಚ್ ಎರಡೂ ನಡೆಯುತ್ತವೆ, ಟಿವಿಗೆ ಮಾತ್ರ ವಾಚ್. ಇದಕ್ಕೆ ಕನ್ನಡದಿಂದ ಸಹಾಯವಿಲ್ಲ, ಓದಿ ಓದಿ ರೂಢಿ ಮಾಡಿಕೊಳ್ಳಬೇಕು.

ಬಾರೋ ಮತ್ತು ಲೆಂಡ್ ನಮ್ಮ ಭಾಗದಲ್ಲಿ ಕೈಗಡದ ಮಾತು. ಕೈಗಡ ಇಸಿದುಕೊಂಡರೆ ಬಾರೋ, ಕೈಗಡ ಕೊಟ್ಟರೆ ಲೆಂಡ್. ಬಿತ್ತನೆಯ ಹೊತ್ತಿಗೆ ಯಾರು ಯಾರಿಂದ ಇಸಿದುಕೊಂಡರು ಎಂಬುದು ಇಲ್ಲಿನ ಪ್ರತಿ ಮಗುವಿಗೂ ಗೊತ್ತು. ಇಬ್ಬರನ್ನು ಎದುರುಬದುರು ನಿಲ್ಲಿಸಿ ಒಂದು ಪೆನ್ನು ಕೈ ಬದಲಾಯಿಸಿದರೆ ಸಾಕು, ‘ಬಾರೋ ಮಿ ಯುವರ್ ಪೆನ್’ ನಿಲ್ಲುತ್ತದೆ. ಬ್ರಿಂಗ್, ಟೇಕ್ ಪದಗಳಿಗೆ ಅಷ್ಟೂ ಬೇಕಾಗುವುದಿಲ್ಲ. ತರು, ಒಯ್ಯು ಎರಡೂ ನಮ್ಮಲ್ಲಿ ಜೀವಂತ ಪದಗಳು.

ಕೈಕೊಟ್ಟ ಜೋಡಿಯೂ ಇದೆ. ಹಿಸ್ಟಾರಿಕ್, ಹಿಸ್ಟಾರಿಕಲ್ ಎರಡಕ್ಕೂ ನಮ್ಮ ಪತ್ರಿಕೆಗಳಲ್ಲಿ ‘ಐತಿಹಾಸಿಕ’ ಎಂದೇ ಇರುತ್ತದೆ, ವಿಭಕ್ತಿ ಬದಲಾಯಿಸಿದರೂ ಬೇರೆಯಾಗುವುದಿಲ್ಲ. ಇದಕ್ಕೆ ನಮ್ಮ ರಾಯಚೂರು ಜಿಲ್ಲೆಯದೇ ಆದ ಮಸ್ಕಿ ನೆರವಾಯಿತು. 1915ರಲ್ಲಿ ಅಲ್ಲಿ ಅಶೋಕನ ಹೆಸರೇ ಇರುವ ಶಾಸನ ಸಿಕ್ಕಿತು. ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂದು ಬರುವ ರಾಜ ಅಶೋಕನೇ ಎಂಬುದು ಅದರಿಂದ ಖಚಿತವಾಯಿತು. ಇತಿಹಾಸದ ತಿಳಿವನ್ನೇ ಮುಂದಕ್ಕೆ ಒಯ್ದ ಆ ಶೋಧ ಹಿಸ್ಟಾರಿಕ್. ಅದೇ ನೆಲದಲ್ಲಿ ಹಿಂದೆ ಜನ ಹೇಗೆ ಬದುಕಿದ್ದರು ಎಂದು ಬರೆದ ಲೇಖನ, ಚಿಕ್ಕದಿರಲಿ ದೊಡ್ಡದಿರಲಿ, ಹಿಸ್ಟಾರಿಕಲ್. ಆ ಶಾಸನದ ಬಂಡೆಯ ಮುಂದೆ ನಿಂತು ಹೇಳಿದ್ದನ್ನು ಮಕ್ಕಳು ಮರೆಯಲಿಲ್ಲ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಎಡದಂಡೆ ಕಾಲುವೆಯ ನೀರನ್ನೇ ನಂಬಿದ ನಮ್ಮ ಊರಿನಲ್ಲಿ ‘ಡ್ಯಾಂ ಹೋಯಿತಂತೆ’ ಎಂಬ ಮಾತು ಕೇಳಿ ಹಿರಿಯರು ಕಂಗಾಲಾದರು. ಮರುದಿನ ತರಗತಿಯಲ್ಲಿ ಚಿತ್ರ ಬರೆದೆ: ಕಲ್ಲಿನ ಗೋಡೆ ಡ್ಯಾಂ, ಅದರ ಹಿಂದೆ ನಿಂತ ನೀರು ರೆಸರ್ವಾಯರ್, ನೀರು ಬಿಡುವ ಕಬ್ಬಿಣದ ಬಾಗಿಲು ಗೇಟ್. ಹೋದದ್ದು ಒಂದು ಬಾಗಿಲು. ಮಕ್ಕಳು ಆ ಮೂರು ಪದಗಳನ್ನು ಮನೆಗೆ ಒಯ್ದರು. ಆ ವಾರ ನನಗೆ ನನ್ನ ಕೆಲಸದ ಬೆಲೆ ತಿಳಿಯಿತು.

ಈಗ ಮಕ್ಕಳ ನೋಟುಪುಸ್ತಕದಲ್ಲಿ ಅರ್ಥದ ಕಾಲಂ ಇಲ್ಲ. ಪದದ ಎದುರು ಅವರ ಮನೆಯಲ್ಲೋ ಹೊಲದಲ್ಲೋ ಆಡುವ ಒಂದು ವಾಕ್ಯ ಇರುತ್ತದೆ. ಹೋದ ವಾರ ಹುಡುಗನೊಬ್ಬ ಎಲ್ಲವನ್ನೂ ತಿರುಗಿಸಿದ. ನಮ್ಮಲ್ಲಿ ಭತ್ತ, ಅಕ್ಕಿ, ಅನ್ನ ಎಂದು ಮೂರು ಇರುವಾಗ ಇಂಗ್ಲಿಷಿನಲ್ಲಿ ಪ್ಯಾಡಿ ಬಿಟ್ಟರೆ ಉಳಿದ ಎರಡೂ ರೈಸ್ ಏಕೆ ಎಂದ. ಬೇರೆ ಮಾಡಲೇಬೇಕಾದಾಗ ಬೇಯಿಸಿದ್ದು ಎಂಬ ಗುಣವಾಚಕ ಸೇರಿಸಿ ‘ಕುಕ್ಡ್ ರೈಸ್’ ಎನ್ನುತ್ತಾರೆ ಎಂದೆ. ಅವನು ತಲೆಯಾಡಿಸಿ ಬರೆದುಕೊಂಡ, ಅದರ ಕೆಳಗೆ ತಾನೇ ಇನ್ನೊಂದು ಸಾಲು ಸೇರಿಸಿದ: ನುಚ್ಚು, ಬ್ರೋಕನ್ ರೈಸ್.